ಅಪ್‌ಡೇಟ್: ಸುಕ್ಕು ಹೋಯಿತು, ಫ್ರೆಂಚ್ ನಾಟ್ ಇನ್ನೂ ಸತಾಯಿಸುತ್ತಿದೆ

ಕೈಕಸೂತಿ ಕಲಿಯಲು ಕುಳಿತರೆ ಬಟ್ಟೆ ಸುಕ್ಕಾಗುತ್ತದೆ, ದಾರ ಗಂಟಾಗುತ್ತದೆ, ಏನು ಮಾಡಲಿ ಎಂದು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಗಂಟಿಗೆ ಕಾರಣ ನನ್ನ ಸೋಮಾರಿತನ. ಪದೇ ಪದೇ ಸೂಜಿ ಪೋಣಿಸಲು ಬೇಸರವಾಗಿ ಮಾರುದ್ದದ ದಾರ ತೆಗೆದುಕೊಳ್ಳುತ್ತಿದ್ದೆ. ಈಗ ಮೊಳದುದ್ದ, ಅಂದರೆ ಸುಮಾರು 45 ಸೆಂಟಿಮೀಟರ್ ಮಾತ್ರ. 6 ಎಳೆಯ ದಾರವನ್ನು ಇಡಿಯಾಗಿ ಬಳಸುವುದನ್ನೂ ಬಿಟ್ಟೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿ, 2 ಎಳೆ ಜೋಡಿಸಿಕೊಳ್ಳುತ್ತೇನೆ. ಒಟ್ಟಿಗೆ ಎಳೆದರೆ ಆಗುವ ಸಿಕ್ಕು ಬಿಡಿಸಲು ಒಂದು ಸಂಜೆಯೇ ಹೋಗಿತ್ತು.

ಹೂಪಿನಲ್ಲಿ (ಬಟ್ಟೆ ಹಿಡಿದಿಡುವ ಬಳೆಯಂಥ ಚೌಕಟ್ಟು) ಬಟ್ಟೆಯನ್ನು ತಮಟೆಯಂತೆ ಬಿಗಿದು, ದಾರವನ್ನು ಜಗ್ಗದೆ ಬಟ್ಟೆಗೆ ತಾಗುವಷ್ಟೇ ಎಳೆದಾಗ ಸುಕ್ಕು ಮಾಯವಾಯಿತು.

ಬ್ಯಾಕ್ ಸ್ಟಿಚ್ (ಹಿಂದಕ್ಕೆ ಚುಚ್ಚುತ್ತಾ ಸಾಗುವ ಹೊಲಿಗೆ), ಸರಪಳಿ ಹೊಲಿಗೆ ಸಲೀಸಾಗಿವೆ. ಕಾಂಡ, ಗೆರೆಗಳಿಗೆ ಹಾಕುವ ಸ್ಟೆಮ್ ಸ್ಟಿಚ್ ಮಾತ್ರ ಹಗ್ಗದಂತೆ ಕಾಣದೆ ಹರಿದ ಚಪ್ಪಲಿಯ ಹೊಲಿಗೆಯಂತಿತ್ತು. ದಾರವನ್ನು ಒಮ್ಮೆ ಸೂಜಿಯ ಮೇಲ್ಭಾಗಕ್ಕೆ, ಒಮ್ಮೆ ಕೆಳಭಾಗಕ್ಕೆ ಬಿಡುತ್ತಿದ್ದೆ. ಯಾವಾಗಲೂ ಒಂದೇ ಬದಿ ಇರಬೇಕು ಎಂದು ನೀವು ಹೇಳಿದ್ದೇ ಸರಿ. ಆಕಾರವನ್ನು ಒತ್ತೊತ್ತು ಹೊಲಿಗೆಯಿಂದ ತುಂಬುವ ಸ್ಯಾಟಿನ್ ಸ್ಟಿಚ್‌ಗೆ ಮೊದಲು ಬ್ಯಾಕ್ ಸ್ಟಿಚ್‌ನಲ್ಲಿ ಅಂಚು ಹಾಕಿ, ಅದನ್ನು ಮುಚ್ಚುವಂತೆ ತುಂಬಿದರೆ ಎಲೆಯ ಅಂಚು ನೇರವಾಗಿ ಬರುತ್ತದೆ.

ಫ್ರೆಂಚ್ ನಾಟ್‌ನದು ಬೇರೆಯೇ ಕತೆ. ಇದು ಸೂಜಿಗೆ ದಾರ ಸುತ್ತಿ ಬಟ್ಟೆಯ ಮೇಲೆ ಕೂರಿಸುವ ಪುಟ್ಟ ಗಂಟು. ಮೇಲೆ ಬಂದ ರಂಧ್ರದಲ್ಲೇ ಸೂಜಿ ಇಳಿಸಿದರೆ ಗಂಟು ಹಿಂಬದಿಗೆ ಜಾರುತ್ತದೆ; ಒಂದೆರಡು ನೂಲಿನಷ್ಟು ಪಕ್ಕಕ್ಕೆ ಚುಚ್ಚಬೇಕು. ಗೊತ್ತಿದ್ದೂ ಹತ್ತರಲ್ಲಿ ನಾಲ್ಕು ಇನ್ನೂ ಸಡಿಲ. ಸುತ್ತಿದ ದಾರವನ್ನು ಎಡಗೈಯಲ್ಲಿ ಎಲ್ಲಿಯವರೆಗೆ ಬಿಗಿ ಹಿಡಿದಿರಬೇಕು?