ಸೌರ ಬಿರುಗಾಳಿಯಲ್ಲಿ ‘ಗಾಳಿ’ ಎಲ್ಲಿದೆ?

ಗಗನಯಾತ್ರಿಗಳನ್ನೂ ವಿಮಾನ ಸಿಬ್ಬಂದಿಯನ್ನೂ ಸೂರ್ಯನ ಆರ್ಭಟದಿಂದ ಕಾಪಾಡುವ ಬಗೆಯನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಲೇಖನಿ ನಿಂತುಬಿಟ್ಟಿದೆ.

ಮೊದಲನೆಯದು ‘ಸೌರ ಬಿರುಗಾಳಿ’. ಪತ್ರಿಕೆಗಳಲ್ಲಿ ಇದೇ ರೂಢಿ. ಆದರೆ ಕರಡು ಓದಿದ ಗೆಳೆಯರೊಬ್ಬರು ಕೇಳಿದ್ದು, ‘ಹಾಗಾದರೆ ವಿಮಾನ ಅಲುಗಾಡುತ್ತದೆಯೇ?’ ಎಂದು. ತಪ್ಪು ಅವರದಲ್ಲ, ಪದದ್ದು. ಸೂರ್ಯನಲ್ಲಿ ಸ್ಫೋಟವಾದಾಗ ಕ್ಷ-ಕಿರಣಗಳು ಸುಮಾರು 8 ನಿಮಿಷಕ್ಕೆ ಭೂಮಿಯನ್ನು ಮುಟ್ಟುತ್ತವೆ. ಅತಿವೇಗದ ಪ್ರೋಟಾನ್‌ಗಳಿಗೆ ಹತ್ತಾರು ನಿಮಿಷ, ಕೆಲವೊಮ್ಮೆ ಗಂಟೆಗಳು ಬೇಕು. ಕಾಂತಕ್ಷೇತ್ರವನ್ನು ಹೊತ್ತ ಪ್ಲಾಸ್ಮಾ (ವಿದ್ಯುದಾವೇಶಗೊಂಡ ಅನಿಲ) ಮೋಡ ನಿಧಾನಿ, ಸಾಮಾನ್ಯವಾಗಿ ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ. ಮೂರಕ್ಕೂ ನಮ್ಮಲ್ಲಿ ಒಂದೇ ಹೆಸರು. ಸಾಲದ್ದಕ್ಕೆ, ಸೂರ್ಯನಿಂದ ಸದಾ ಹೊಮ್ಮುವ ಕಣಪ್ರವಾಹಕ್ಕೆ ಸಲ್ಲಬೇಕಾದ ‘ಸೌರ ಮಾರುತ’ವನ್ನೂ ಕೆಲವರು ಇಲ್ಲಿಗೇ ಎಳೆದು ತರುತ್ತಾರೆ.

ಯಾತ್ರಿಗಳ ಮೈಗೆ ಮುಖ್ಯವಾಗಿ ಕುತ್ತು ತರುವುದು ಆ ಪ್ರೋಟಾನ್‌ಗಳು. 1972ರ ಆಗಸ್ಟ್‌ನಲ್ಲಿ ಅವು ಭಾರಿ ಪ್ರಮಾಣದಲ್ಲಿ ಎರಗಿದವು. ಅಪೊಲೊ 16 ಏಪ್ರಿಲ್‌ನಲ್ಲೇ ಮರಳಿತ್ತು, ಅಪೊಲೊ 17 ಹೊರಟದ್ದು ಡಿಸೆಂಬರ್‌ನಲ್ಲಿ. ನಡುವೆ ಚಂದ್ರನ ಮೇಲೆ ಯಾರೂ ಇರಲಿಲ್ಲ. ಇಂಥದ್ದನ್ನು ‘ಸೌರ ಕಣಮಳೆ’ ಎನ್ನಬಹುದೇ? ‘ಉಲ್ಕಾವರ್ಷ’ ಹೇಗೂ ಬಳಕೆಯಲ್ಲಿದೆ.

ಮಳೆ ಎಂದ ಮೇಲೆ ಅದನ್ನು ತಡೆಯುವುದಕ್ಕೂ ಒಂದು ಪದ ಬೇಕಲ್ಲ. ಎಲ್ಲರೂ ‘ಕವಚ’ ಎನ್ನುತ್ತಾರೆ. ಕರ್ಣನ ಕವಚ ಕರ್ಣನ ಮೈಮೇಲಿತ್ತು. ಇಲ್ಲಿ ನಡೆಯುವುದು ಬೇರೆ: ಬಾಹ್ಯಾಕಾಶ ನಿಲ್ದಾಣದವರು ಹೆಚ್ಚು ರಕ್ಷಣೆಯಿರುವ ಭಾಗಕ್ಕೆ ಸರಿಯುತ್ತಾರೆ. ಚಂದ್ರನತ್ತ ಹೋಗಲೆಂದು ನಾಸಾ ರೂಪಿಸಿದ ಓರಾಯನ್ ನೌಕೆಯವರು ಸಾಮಾನು ಚೀಲಗಳನ್ನೇ ಸುತ್ತ ಒಟ್ಟಿಕೊಂಡು ನಡುವೆ ಕೂರಬೇಕೆಂಬುದು ಯೋಜನೆ. (ತೂಕಕ್ಕೆ ತೂಕ ಹೋಲಿಸಿದರೆ, ಹೈಡ್ರೋಜನ್ ಅಂಶ ಹೆಚ್ಚಿರುವ ನೀರು, ಪಾಲಿಥೀನ್‌ಗಳು ಸೀಸಕ್ಕಿಂತ ಮೇಲು.) ಧ್ರುವದ ದಾರಿಯ ವಿಮಾನಕ್ಕಾದರೆ ಕೆಳಗಿಳಿಯುವುದು ಅಥವಾ ಧ್ರುವದಿಂದ ದೂರ ಸರಿಯುವುದು ಉಪಾಯ, ಕೆಳಗಿಳಿದಷ್ಟೂ ತಲೆಯ ಮೇಲಿನ ವಾಯುಮಂಡಲ ದಪ್ಪವಾಗುತ್ತದೆ.

ಇದೆಲ್ಲಕ್ಕೂ ‘ಮರೆ’ ಎಂಬ ಪುಟ್ಟ ಪದ ಒಗ್ಗುತ್ತದೆ ಎಂದು ನನ್ನ ಅನಿಸಿಕೆ. ದೀಪಕ್ಕೆ ಕೈ ಮರೆ ಮಾಡುವುದಿಲ್ಲವೇ? ಒಂದೇ ತೊಡಕು: ಉಪಶೀರ್ಷಿಕೆಯಲ್ಲಿ ‘ವಿಕಿರಣ ಮರೆ’ ಎಂದು ಬರೆದು ನೋಡಿದೆ. ವಿಕಿರಣವನ್ನು ಮರೆತುಬಿಡು ಎಂದು ಅಪ್ಪಣೆ ಕೊಟ್ಟಂತಿತ್ತು! ‘ವಿಕಿರಣಕ್ಕೆ ಮರೆ’ ಎಂದರೆ ಸರಿಹೋದೀತೇ, ಅಥವಾ ‘ಮರೆದಾಣ’ ಎಂದು ಕೂಡಿಸಬಹುದೇ? ಇನ್ನೂ ಒಳ್ಳೆಯದು ಹೊಳೆದರೆ ತಿಳಿಸಿ.