ಅಪ್‌ಡೇಟ್: ಚರ್ಚ್ ಸ್ಟ್ರೀಟ್ ಹತ್ತಿರ ಕೂತು ಮಾತಾಡುವಂಥ ಬಾರ್ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ: ಬೆಂಗಳೂರಿನ ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ಕಡೆ ಡಿಜೆ ಗಲಾಟೆ ಇಲ್ಲದೆ ಮೂವರು ಹಳೇ ಗೆಳೆಯರು ಕೂತು ಮಾತಾಡುವಂಥ ಬಾರ್ ಇನ್ನೂ ಉಳಿದಿದೆಯಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲು ಹೊಸದೊಂದು ರೂಫ್‌ಟಾಪ್‌ಗೆ ಹೋದೆವು. ಕಿವಿಗೆ ಬಾಯಿಟ್ಟು ಮಾತಾಡಬೇಕಾಯಿತು. ಅರ್ಧ ಗಂಟೆಗೇ ಎದ್ದು ಬಂದೆವು.

ಆಮೇಲೆ ನಿಮ್ಮಲ್ಲಿ ಜಾಸ್ತಿ ಜನ ಹೇಳಿದ ರೆಸ್ಟ್ ಹೌಸ್ ರೋಡಿನ ಪೆಕೋಸ್. 1989ರಿಂದ ಇದೆ. ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ಗೋಡೆ ತುಂಬಾ ರಾಕ್ ಪೋಸ್ಟರ್. ನಾವು ಹೋಗಿದ್ದು ಮಧ್ಯಾಹ್ನ ಮೂರಕ್ಕೆ; ಅದೇ ಸರಿಯಾದ ಹೊತ್ತು. ಒಂದು ಪಿಚರ್ ಬಿಯರ್, ಒಂದು ಪ್ಲೇಟ್ ಕಡಲೆಕಾಯಿ. ಸುಮ್ನೆ ಕೂತಿದ್ದರೂ ಯಾರೂ ಏಳಿ ಅನ್ನಲಿಲ್ಲ. ಶನಿವಾರ ರಾತ್ರಿ ಮಾತ್ರ ಬೇಡ.

ಸೇಂಟ್ ಮಾರ್ಕ್ಸ್ ರೋಡಿನ ಕೋಶೀಸ್ ನನಗೆ ಇನ್ನೂ ಹಿಡಿಸಿತು. ಬಾರ್ ಅನ್ನುವುದಕ್ಕಿಂತ ಹಳೇ ಹೋಟೆಲು, ಆದರೆ ಬಿಯರ್ ಸಿಗುತ್ತದೆ. ಪಕ್ಕದ ಟೇಬಲ್‌ನಲ್ಲಿ ಒಬ್ಬ ಹಿರಿಯರು ಒಂದೇ ಕಾಫಿ ಇಟ್ಟುಕೊಂಡು ಪೇಪರ್ ಪೂರ್ತಿ ಓದಿ ಮುಗಿಸಿದರು.

2018ರಲ್ಲಿ ಕಲ್ಲು ಹಾಸಿದ ಮೇಲೆ ಚರ್ಚ್ ಸ್ಟ್ರೀಟ್ ನನಗೆ ಗುರುತೇ ಸಿಗುತ್ತಿರಲಿಲ್ಲ. ಈಗ ಸ್ವಲ್ಪ ಸಮಾಧಾನ. ಈ ಭಾನುವಾರ ಅಪ್ಪನನ್ನೂ ಕೋಶೀಸ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ.