ಓದುಗರ ಸ್ಪಂದನ: ಜಗಲಿಯ ಟಿವಿಗೆ ನಾಲ್ಕು ರಿಮೋಟು

ಹೊಸನಗರದ ಕಡೆಯ ಓದುಗರೊಬ್ಬರು ಹೋದ ಸಂಚಿಕೆಯಲ್ಲಿ ಬರೆದಿದ್ದರು: ಟಿವಿ, ಡಿಶ್ ಬಾಕ್ಸ್, ಸೌಂಡ್‌ಬಾರ್ (ಟಿವಿಯ ಉದ್ದನೆಯ ಸ್ಪೀಕರ್), ಇಂಟರ್ನೆಟ್‌ನಿಂದ ಸಿನಿಮಾ ತೋರಿಸುವ ಸ್ಟಿಕ್ ಸೇರಿ ಮನೆಯಲ್ಲಿ ನಾಲ್ಕು ರಿಮೋಟ್ ಆಗಿವೆ. ಅತ್ತೆಗೆ ಟಿವಿ ಹಾಕಲು ಬರುವುದಿಲ್ಲ. ಮಾವನಿಗೆ ಕಿವಿ ಮಂದ, ಜೋರಾಗಿ ಇಡುತ್ತಾರೆ. ಮಗನಿಗೆ ಓದಲು ಆಗುವುದಿಲ್ಲ. ಮಳೆ ಬಂದರೆ ಚಿತ್ರವೇ ಇಲ್ಲ. ಇನ್ನೊಂದು ಟಿವಿ ತರಬೇಕೇ?

*

ಅಕ್ಕಾ, ಇನ್ನೊಂದು ಟಿವಿ ತರುವ ಮೊದಲು ಒಂದು ಭಾನುವಾರ ಇರುವ ಟಿವಿಯ ಹಿಂದೆ ಕೂತುಕೊಳ್ಳಿ.

ನಮ್ಮಲ್ಲೂ ಹೀಗೇ ಆಗಿತ್ತು. ಅಡಿಕೆ ಸುಲಿಯುವ ದಿನಗಳು. ನಾನು ಅಂಗಳದಿಂದ ಒಳಗೆ ಬಂದಾಗ ಅತ್ತೆ ಕಪ್ಪು ಪರದೆಯ ಮುಂದೆ ಸುಮ್ನೆ ಕೂತಿದ್ದರು. ಕರೆಯಬಹುದಿತ್ತಲ್ಲ ಅಂದೆ. "ಕೆಲಸದ ಮಧ್ಯೆ ನಿನ್ನನ್ನ ಎಷ್ಟು ಸಲ ಕರೆಯದು ಮಾರಾಯ್ತಿ" ಅಂದರು. ಅವರ ಧಾರಾವಾಹಿ ಮುಗಿದು ಹೋಗಿತ್ತು. ನನಗೆ ತುಂಬಾ ಬೇಜಾರಾಯಿತು. ಟಿವಿ ಕೆಟ್ಟಿರಲಿಲ್ಲ. ಟಿವಿಯ ಹಿಂದೆ ಬಾಕ್ಸ್, ಸ್ಟಿಕ್‌ಗಳನ್ನು ಸೇರಿಸುವ ತೂತುಗಳಿಗೆ ಎಚ್‌ಡಿಎಂಐ ಒಂದು, ಎರಡು ಎಂದು ಹೆಸರು. ಮಕ್ಕಳು ರಾತ್ರಿ ಸಿನಿಮಾ ನೋಡಿ ಎಚ್‌ಡಿಎಂಐ ಎರಡರಲ್ಲೇ ಬಿಟ್ಟಿದ್ದರು. ಡಿಶ್ ಬಾಕ್ಸ್ ಇದ್ದದ್ದು ಒಂದರಲ್ಲಿ. ಅಷ್ಟೇ.

ಸೌಂಡ್‌ಬಾರ್‌ನ ವೈರನ್ನು ಟಿವಿ ಹಿಂದೆ 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ತೂತಿಗೇ ಹಾಕಿ. ಬೇರೆಯದಕ್ಕೆ ಹಾಕಿದರೆ ಟಿವಿಯ ಶಬ್ದ ಅದಕ್ಕೆ ಹೋಗುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ 'ಸಿಇಸಿ' ಆನ್ ಮಾಡಿ. ಒಂದೇ ರಿಮೋಟ್‌ಗೆ ಟಿವಿಯೂ ಅದಕ್ಕೆ ಸೇರಿಸಿದವೂ ಕೇಳುವಂತೆ ಮಾಡುವುದು ಇದೇ. ಇದಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಈಗ ಟಿವಿ ಹಾಕಿದರೆ ಸೌಂಡ್‌ಬಾರ್ ತಾನೇ ಹೊತ್ತಿಕೊಳ್ಳುತ್ತದೆ. ಅದರ ರಿಮೋಟ್ ಒಳಗಿಡಿ. ಹಲವು ಡಿಶ್ ರಿಮೋಟ್‌ಗಳಿಗೆ ಟಿವಿಯ ಪವರ್ ಮತ್ತು ವಾಲ್ಯೂಮ್ ಬಟನ್ ಕಲಿಸಲೂ ಬಹುದು. ನಮ್ಮದಕ್ಕೆ ಹಾಗೆ ಮಾಡಿದೆವು. ಅತ್ತೆಯ ಕೈಗೆ ಈಗ ಅದೊಂದೇ ರಿಮೋಟ್. ಪವರ್ ಬಟನ್ ಮೇಲೆ ಮಗಳ ಕೆಂಪು ನೈಲ್ ಪಾಲಿಶ್ ಒಂದು ಚುಕ್ಕೆ ಇಟ್ಟಿದ್ದೇನೆ.

ಇನ್ನೊಂದು ಕಟ್ಟುನಿಟ್ಟು ಮಾಡಿ. ರಾತ್ರಿ ಕೊನೆಗೆ ಟಿವಿ ನೋಡಿದವರು ಅದನ್ನು ಡಿಶ್ ಬಾಕ್ಸ್ ಇರುವ ಎಚ್‌ಡಿಎಂಐಗೆ ತಂದಿಟ್ಟೇ ಮಲಗಬೇಕು. ಮಕ್ಕಳು ಎರಡು ದಿನ ಗೊಣಗಿದರು, ಆಮೇಲೆ ರೂಢಿಯಾಯಿತು.

— ಗೃಹಿಣಿ, ಸಾಗರ

*

ಮಳೆಯ ವಿಷಯಕ್ಕೆ ಬರುತ್ತೇನೆ. ಡಿಶ್‌ಗೆ ಬರುವ ತರಂಗವನ್ನು ದಪ್ಪ ಮಳೆಹನಿ ಹೀರಿಕೊಳ್ಳುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯ ಆಷಾಢದ ಮಳೆಗೆ ಚಿತ್ರ ಹೋಗುವುದು ಸಹಜ. ಹನಿ ಕಡಿಮೆಯಾದರೆ ತಾನೇ ಬರುತ್ತದೆ, ಯಾರನ್ನೂ ಕರೆಸಬೇಡಿ. ಆದರೆ ಜಿಟಿಜಿಟಿ ಮಳೆಗೂ ಹೋಗುತ್ತದೆ ಅಂದರೆ ನೋಡಬೇಕು. ನಮ್ಮ ಕಡೆ ಡಿಶ್‌ಗಳ ಮುಖ ಪೂರ್ವ, ದಕ್ಷಿಣದ ನಡುವೆ ಇರುತ್ತದೆ. ಆ ಕಡೆ ಹಲಸಿನ ಕೊಂಬೆಯೋ ಅಡಿಕೆ ಸೋಗೆಯೋ ಅಡ್ಡ ಬಂದಿರಬಹುದು. ಕೇಬಲ್ ಸೇರುವಲ್ಲಿ ನೀರು ಇಳಿದಿರಲೂಬಹುದು.

ಇದಕ್ಕಿಂತ ಮುಖ್ಯವಾದದ್ದು ಸಿಡಿಲು. ಗುಡುಗು ಶುರುವಾದರೆ ನಾವೆಲ್ಲ ಪ್ಲಗ್ ಕೀಳುತ್ತೇವೆ, ಡಿಶ್ ಕೇಬಲ್ ಹಾಗೇ ಬಿಡುತ್ತೇವೆ. ನಾನೂ ಹಾಗೇ ಬಿಟ್ಟಿದ್ದೆ. ಬಾಕ್ಸ್ ಸುಟ್ಟಿತು, ಅದರಿಂದ ಎಚ್‌ಡಿಎಂಐ ವೈರಿನಲ್ಲಿ ಹಾದು ಟಿವಿಯ ಬೋರ್ಡೂ ಹೋಯಿತು. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ಟೆಬಿಲೈಸರ್ ಇದ್ದರೂ ಸಾಲದು. ಮೋಡ ಕಟ್ಟುವಾಗಲೇ ಪ್ಲಗ್ಗು, ಡಿಶ್ ಕೇಬಲ್ಲು ಎರಡನ್ನೂ ಬಿಚ್ಚಿ. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಟಿವಿಗಿಂತ ಜೀವ ದೊಡ್ಡದು, ಅಲ್ವಾ. ಬೇಸಿಗೆ ಕೊನೆಯ ಸಂಜೆ ಮಳೆಗಳಲ್ಲಿ ಜಾಸ್ತಿ ಎಚ್ಚರ ಬೇಕು.

— ನಿವೃತ್ತ ಶಿಕ್ಷಕ, ತೀರ್ಥಹಳ್ಳಿ

*

ಸಾಗರದ ಅಕ್ಕನ ಮಾತಿಗೆ ನನ್ನದೊಂದು ತಕರಾರಿದೆ. ಜಾಗ ಇದ್ದರೆ ಹಳೆಯ ಸಣ್ಣ ಟಿವಿಯೊಂದನ್ನು ಅಜ್ಜ, ಅಜ್ಜಿಯ ಕೋಣೆಯಲ್ಲಿ ಇಡುವುದು ತಪ್ಪಲ್ಲ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಬಾಕ್ಸು, ಡಿಶ್ಶು ಒಮ್ಮೆ ಕೊಂಡರೆ ಆಯಿತು, ಚಂದನವೂ ಬರುತ್ತದೆ. ಆದರೆ ಅವರನ್ನೇ ಕೇಳಿ ಮಾಡಿ. ನನ್ನ ಅಜ್ಜನಿಗೆ ಹಾಗೆ ಮಾಡಿಕೊಟ್ಟೆವು, ಅವರು ಒಂದು ವಾರ ನೋಡಿ ಮತ್ತೆ ಜಗಲಿಗೇ ಬಂದರು.

ಕೊನೆಗೆ ಕೆಲಸಕ್ಕೆ ಬಂದದ್ದು ಬ್ಲೂಟೂತ್ ಹೆಡ್‌ಫೋನ್. ಕೊಳ್ಳುವ ಮೊದಲು ಒಂದು ನೋಡಿಕೊಳ್ಳಿ: ಹಲವು ಟಿವಿಗಳಲ್ಲಿ ಹೆಡ್‌ಫೋನ್ ಸೇರಿಸಿದ ಕೂಡಲೇ ಉಳಿದವರಿಗೆ ಶಬ್ದ ನಿಂತು ಹೋಗುತ್ತದೆ. ಎರಡೂ ಕಡೆ ಶಬ್ದ ಬರುವ ಸೆಟ್ಟಿಂಗ್ ನಿಮ್ಮ ಟಿವಿಯಲ್ಲಿದ್ದರೆ ಮಾವ ಅತ್ತೆಯ ಪಕ್ಕದಲ್ಲೇ ಕೂತು ನೋಡಬಹುದು. ನಿಮ್ಮ ಮಗ ಒಳಗೆ ಓದಿಕೊಳ್ಳಬಹುದು.

— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ